ಬಿಚ್ಚದ ಮೋಟಾರು

ನನ್ನ ತಂಗಿ ವಿಶಾಲಿಯ ಸೈಕಲ್ಲಿನ ಮೋಟಾರನ್ನು ನಾನು ಬಿಚ್ಚಿ ನೋಡಲಿಲ್ಲ. ಬಿಚ್ಚಿ ನೋಡಿದೆ ಅಂತ ಅವಳಿಗೆ ಹೇಳಿದೆ. ನಲವತ್ತು ವರ್ಷಕ್ಕೂ ಮೇಲೆ ಸ್ಪ್ಯಾನರ್ ಹಿಡಿದವನು ತನ್ನ ಕೆಲಸದ ಬಗ್ಗೆ ಬರೆಯಲು ಕೂತರೆ ಮೊದಲು ಬರೆಯಬೇಕಾದದ್ದು ಇದನ್ನೇ. ಉಳಿದದ್ದೆಲ್ಲ ಇದರ ಹಿಂದೆ ಮುಂದೆ ಬರುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ಅಂಗಡಿ ಮುಚ್ಚಿ ಒಂದು ವರ್ಷವಾಯಿತು. ತರೀಕೆರೆಯಲ್ಲಿ ಎಲೆಕ್ಟ್ರಿಕ್ ಸೈಕಲ್ ರಿಪೇರಿ ಕಲಿಯುತ್ತಿರುವವರು ಈಗಲೂ ಮನೆಗೆ ಬಂದು ಕೇಳುತ್ತಾರೆ: "ಬಸಣ್ಣ, ಯಾವ ಗ್ರೀಸ್ ಹಾಕ್ಬೇಕು? ಎಷ್ಟು ಹಾಕ್ಬೇಕು?" ಅದನ್ನು ಐದು ನಿಮಿಷದಲ್ಲಿ ಹೇಳಿಬಿಡಬಹುದು. ಯಾವಾಗ ಹಾಕಬಾರದು ಅನ್ನುವುದನ್ನು ಹೇಳಲು ಮಾತ್ರ ಇಷ್ಟುದ್ದ ಬರೆಯಬೇಕಾಯಿತು.

ನಾನು ಕೆಲಸ ಕಲಿತದ್ದು ಕಡೂರಿನ ರೈಲ್ವೆ ಗೇಟಿನ ಹತ್ತಿರ, ಚಂದ್ರಾಚಾರ್ ಅನ್ನುವ ಮೇಸ್ತ್ರಿಯ ತಗಡಿನ ಶೆಡ್ಡಿನಲ್ಲಿ. ಬರುತ್ತಿದ್ದವು ಹೆಚ್ಚಾಗಿ ತೆಂಗಿನಕಾಯಿ ಚೀಲ ಹೊತ್ತು ಹೊತ್ತು ಬೆನ್ನು ಬಗ್ಗಿದ ಮೊಪೆಡ್ಡುಗಳು. ಆಚಾರ್ರು ಗಾಡಿ ಬಂದ ಕೂಡಲೇ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಬೇಕು.

"ಏನ್ ಕೇಳ್ತೋ?"

"ಸದ್ದು ಆಚಾರ್ರೇ."

"ಸದ್ದು ಅಂತ ಬೀದಿ ನಾಯಿಗೂ ಗೊತ್ತು. ಎಲ್ಲಿಂದ ಬತ್ತೈತೆ ಅಂತ ಹೇಳು."

ಒಂದು ವರ್ಷವಾದ ಮೇಲೆ ಬೇರಿಂಗಿನ ಸದ್ದು ಬೇರೆ, ಚೈನಿನ ಸದ್ದು ಬೇರೆ ಅಂತ ಗೊತ್ತಾಗತೊಡಗಿತು. ಗಿರಾಕಿಗಳು ಅವಸರ ಮಾಡಿದಾಗ ನಾನು ಒಂದಿಷ್ಟು ಗ್ರೀಸ್ ಮೆತ್ತಿ ಕಳಿಸಿಬಿಡುವುದನ್ನು ಆಚಾರ್ರು ಒಮ್ಮೆ ನೋಡಿದರು. "ಲೇ, ಗ್ರೀಸ್ ಹಾಕೋದು ಸವೆಯದೇ ಇರ್ಲಿ ಅಂತ. ಸದ್ದು ಮುಚ್ಚೋಕೆ ಹಾಕಿದ್ರೆ ನೋವು ಅಂತ ಕೂಗೋನ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕಣೋ" ಅಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಆ ಶೆಡ್ಡಿನಲ್ಲಿ ಇಡೀ ದಿನ ಸೈಲೆನ್ಸರ್ ಬಿಚ್ಚಿದ ಎಂಜಿನ್ನು ಓಡುತ್ತಿತ್ತು, ಪಕ್ಕದಲ್ಲೇ ಸುತ್ತಿಗೆ ಏಟು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಅಂತ ಯಾರಿಗೂ ತೋಚಲಿಲ್ಲ. ನೀವಾದರೂ ಇಟ್ಟುಕೊಳ್ಳಿ.

ಮುಂದೆ ನಾನು ತರೀಕೆರೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ಎಷ್ಟೋ ವರ್ಷಗಳಾದ ಮೇಲೆ ಕೆಮ್ಮಣ್ಣುಗುಂಡಿ ದಾರಿಯ ಒಂದು ರೆಸಾರ್ಟಿನವರು ಹನ್ನೆರಡು ಎಲೆಕ್ಟ್ರಿಕ್ ಸೈಕಲ್ ತರಿಸಿದರು. ನೋಡಿಕೊಳ್ಳಲು ನನ್ನನ್ನು ಕರೆದರು. ಅಲ್ಲಿಯವರೆಗೆ ನಾನು ಕಂಡಿದ್ದ ಎಲೆಕ್ಟ್ರಿಕ್ ಸೈಕಲ್ಲುಗಳಲ್ಲಿ ಮೋಟಾರು ಹಿಂದಿನ ಚಕ್ರದೊಳಗೆ ಇರುತ್ತಿತ್ತು. ಇವುಗಳಲ್ಲಿ ಪೆಡಲ್ ತಿರುಗುವ ಜಾಗದಲ್ಲೇ ಮೋಟಾರು. ಮಿಡ್ ಡ್ರೈವ್ ಅನ್ನುತ್ತಾರೆ. ಏರಿನಲ್ಲಿ ಚೆನ್ನಾಗಿ ಎಳೆಯುತ್ತದೆ. ಆದರೆ ಒಳಗೆ ಗೇರು ಇರುವುದರಿಂದ ಗ್ರೀಸ್ ಒಣಗಿದರೆ ಸದ್ದು.

ಅಲ್ಲಿನ ಮ್ಯಾನೇಜರ್ ಪೂರ್ಣಿಮಾ ಮೇಡಂ. ನನ್ನ ಅರ್ಧ ವಯಸ್ಸಿನವರು, ನನಗಿಂತ ಎರಡರಷ್ಟು ಶಿಸ್ತು. "ಬಸಣ್ಣ, ಹಕ್ಕಿ ನೋಡೋಕೆ ಬಂದೋರು ಮಿಕ್ಸಿ ಮೇಲೆ ಕೂತು ಹೋಗೋ ಹಾಗೆ ಆಗಿದೆ. ಏನಾದ್ರೂ ಮಾಡಿ" ಅಂದರು.

ಒಂದು ಮೋಟಾರು ಬಿಚ್ಚಿದೆ. ಒಳಗೆ ಚಕ್ಕುಲಿಯಷ್ಟಗಲದ ಬಿಳಿ ನೈಲಾನ್ ಗೇರು. ಮಕ್ಕಳ ಆಟದ ಸಾಮಾನು ಅಂದುಕೊಂಡು ನಕ್ಕೆ. ಮೊಪೆಡ್ ಚಕ್ರಕ್ಕೆ ಹಾಕುವ ಗಟ್ಟಿ ಗ್ರೀಸನ್ನು ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದೆ, ಹನ್ನೆರಡಕ್ಕೂ. ಮರುದಿನ ಒಂದೂ ಉಸಿರೆತ್ತಲಿಲ್ಲ. ಮೇಡಂ ಕಾಫಿ ಕೊಡಿಸಿದರು. ಮೂರನೇ ದಿನ ನಾಲ್ಕು ಸೈಕಲ್ಲುಗಳಲ್ಲಿ ಮೋಟಾರು ಒಳಗೇ ಗುಂಯ್ ಅಂತ ತಿರುಗುತ್ತಿದೆ, ಚಕ್ರಕ್ಕೆ ಎಳೆತವೇ ಇಲ್ಲ. ಗೇರಿನ ನಡುವೆ ಒಂದು ಕ್ಲಚ್ ಇರುತ್ತದೆ, ಅದರ ಸಣ್ಣ ರೋಲರುಗಳು ಒಂದೇ ಕಡೆಗೆ ಕಚ್ಚಿ ಹಿಡಿಯಬೇಕು. ನನ್ನ ಗ್ರೀಸ್ ಅದರೊಳಗೂ ಹೋಗಿ ರೋಲರುಗಳು ಅಂಟಿಕೊಂಡು ಕೂತಿದ್ದವು. ಪ್ರವಾಸಿಗರು ಏರಿನಲ್ಲಿ ಸೈಕಲ್ ತಳ್ಳಿಕೊಂಡು ಬೆವರುತ್ತಾ ಬಂದರು.

"ಬಸಣ್ಣ, ನಾನು ಸದ್ದು ನಿಲ್ಲಿಸಿ ಅಂದೆ, ಗಾಡಿ ನಿಲ್ಲಿಸಿ ಅನ್ನಲಿಲ್ಲ" ಅಂದರು ಮೇಡಂ.

ಹನ್ನೆರಡನ್ನೂ ಮತ್ತೆ ಬಿಚ್ಚಿದೆ. ಅಲ್ಲಿಂದ ನಿಜವಾದ ಕಲಿಕೆ. ಮೊದಲು ಬ್ಯಾಟರಿ ತೆಗೆದಿಡಬೇಕು. ಹಳೆಯ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಪ್ಲಾಸ್ಟಿಕ್ಕಿಗೂ ರಬ್ಬರ್ ಸೀಲಿಗೂ ಆಗುವುದಿಲ್ಲ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಬೇಕು. ನೈಲಾನಿಗೆ ಅಂತಲೇ ಬರುವ ಗ್ರೀಸನ್ನು ಹಲ್ಲುಗಳ ನಡುವೆ ಮಾತ್ರ ಬ್ರಶ್ಶಿನಿಂದ ಹಚ್ಚಬೇಕು. ಕ್ಲಚ್ಚಿಗೆ ಗ್ರೀಸ್ ಬೇಡ, ಎರಡು ತೊಟ್ಟು ತೆಳು ಎಣ್ಣೆ ಸಾಕು. ಮುಚ್ಚುವ ಮುಂಚೆ ಗೇರನ್ನು ಬೆಳಕಿಗೆ ಹಿಡಿದು ಒಂದೊಂದು ಹಲ್ಲನ್ನೂ ನೋಡಬೇಕು, ಬೇರಿಂಗನ್ನು ಅಲ್ಲಾಡಿಸಿ ನೋಡಬೇಕು. ಸ್ಕ್ರೂಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು.

ಮೇಡಂ ಪ್ರತಿ ಸೈಕಲ್ಲಿಗೂ ಒಂದು ಕಾರ್ಡು ಮಾಡಿಸಿದರು. "ಬಿಚ್ಚಿ ನೋಡಿದ್ರೆ ಮಾತ್ರ ಬಿಚ್ಚಿದೆ ಅಂತ ಬರೀರಿ. ಇಲ್ಲದಿದ್ರೆ ಇಲ್ಲ ಅಂತ ಬರೀರಿ, ನಾನು ಬೈಯಲ್ಲ" ಅಂದರು. ಅಲ್ಲಿ ನಾನು ಒಂದು ದಿನವೂ ಸುಳ್ಳು ಬರೆಯಲಿಲ್ಲ. ಅಂಗಡಿಯಲ್ಲಿ ಕಾರ್ಡು ಇರಲಿಲ್ಲ.

ಅಮೃತಾಪುರದ ಒಬ್ಬ ರಿಟೈರ್ಡ್ ಹೆಡ್ಮಾಸ್ಟರ ವಿಷಯವನ್ನೂ ಹೇಳಬೇಕು. ಅವರೂ ಅಂಥದೇ ಸೈಕಲ್ ಇಟ್ಟಿದ್ದರು. ಮೋಟಾರು ಟಕ್ ಟಕ್ ಅನ್ನುತ್ತದೆ ಅಂತ ಬಂದರು. ಬಿಚ್ಚಿದೆ, ಏನೂ ಇಲ್ಲ. ವಾರ ಬಿಟ್ಟು ಮತ್ತೆ ಬಂದರು. ಮತ್ತೆ ಬಿಚ್ಚಿದೆ. ಮೂರನೇ ಸಲ ಅವರ ಜೊತೆ ನಾನೇ ಇನ್ನೊಂದು ಸೈಕಲ್ಲಿನಲ್ಲಿ ಹೋದೆ. ಸೀಟಿನ ಕೆಳಗಿನ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯೊಳಗೆ ಒಂದು ಚಮಚ ಕುಣಿಯುತ್ತಿತ್ತು. ಅದನ್ನು ಎತ್ತಿ ತೋರಿಸಿದೆ.

"ಇದೇ ಏನಯ್ಯಾ ನಿನ್ನ ಮೋಟಾರು?" ಅಂತ ಅವರೇ ನಗುತ್ತಾ ನನ್ನನ್ನು ರೇಗಿಸಿದರು.

ಇದನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಹೇಳಿ ಹೇಳಿ ಒಂದು ಕೆಟ್ಟ ಅಭ್ಯಾಸ ಬೆಳೆಯಿತು. ಗಿರಾಕಿ ಸದ್ದು ಅಂದರೆ, ಇವರದೂ ಒಂದು ಚಮಚ ಇರಬೇಕು ಅಂದುಕೊಳ್ಳುವುದು.

ಒಂದು ಸಂಜೆ ರೆಸಾರ್ಟಿನಲ್ಲಿ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಪೂರ್ಣಿಮಾ ಮೇಡಂ ಬಂದು, "ಏನ್ ಜೀರುಂಡೆ ಬಸಣ್ಣ ಇವತ್ತು! ತಲೆ ಸಿಡಿದು ಹೋಗ್ತಿದೆ" ಅಂದರು. ನಾನು ಹೌದು ಮೇಡಂ ಅಂದೆ. ನನಗೆ ಒಂದು ಜೀರುಂಡೆಯೂ ಕೇಳುತ್ತಿರಲಿಲ್ಲ. ಮರಗಳ ಕಡೆ ನೋಡಿದೆ. ಎಲ್ಲ ಸುಮ್ಮನಿತ್ತು.

ಆಮೇಲೆ ನೋಡಿದರೆ ಮೊಬೈಲಿನ ರಿಂಗು ಹೋಗಿತ್ತು, ಕುಕ್ಕರಿನ ಸೀಟಿ ಹೋಗಿತ್ತು. ಜನ ಮಾತಾಡುವುದು ಕೇಳುತ್ತಿತ್ತು, ಸುತ್ತಿಗೆ ಏಟು ಕೇಳುತ್ತಿತ್ತು. ಕೀ ಅನ್ನುವಂಥದ್ದು, ಸಣ್ಣದಾಗಿ ಮೇಲೆ ಏರುವಂಥದ್ದು ಮಾತ್ರ ಇರಲಿಲ್ಲ. ಮೋಟಾರಿನ ಸದ್ದು ಕಡಿಮೆ ಮಾಡುವವನು ಅಂತ ಹೆಸರು ತೆಗೆದವನಿಗೆ ಸದ್ದೇ ಕೇಳುವುದಿಲ್ಲ ಅಂದರೆ ಯಾರು ಬರುತ್ತಾರೆ? ಯಾರಿಗೂ ಹೇಳಲಿಲ್ಲ. ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿಯುವುದು ಬಿಟ್ಟು ಅಂಗೈಯನ್ನು ಮೋಟಾರಿನ ಮೇಲೆ ಇಡತೊಡಗಿದೆ. ನಡುಕ ಇದ್ದರೆ ಕೈಗೆ ತಿಳಿಯುತ್ತದೆ. "ಬಸಣ್ಣ ಮುಟ್ಟಿದ್ರೆ ಸಾಕು" ಅಂತ ಗಿರಾಕಿಗಳು ಹೊಗಳಿದರು. ಹೊಗಳಿಕೆಯನ್ನೂ ಇಟ್ಟುಕೊಂಡೆ.

ಈಗ ವಿಶಾಲಿ. ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಅಜ್ಜಂಪುರಕ್ಕೆ ಕೊಟ್ಟಿದ್ದೇವೆ. ಹೊಲಿಗೆ ಕಲಿಸುತ್ತಾಳೆ, ಸುತ್ತಲಿನ ಮೂರು ಹಳ್ಳಿಗಳ ಮಹಿಳಾ ಸಂಘಗಳಿಗೆ ವಾರವಿಡೀ ಓಡಾಟ. ಚಿಕ್ಕಂದಿನಲ್ಲಿ ಒಳಮನೆಯಲ್ಲಿ ಕೂತೇ ಬೀದಿಯಲ್ಲಿ ಹೋದದ್ದು ಯಾರ ಮೊಪೆಡ್ಡು ಅಂತ ಹೇಳುತ್ತಿದ್ದಳು. ನಾನು ಹೊರಗೆ ಓಡಿ ನೋಡಿದರೆ ಅದೇ ಆಗಿರುತ್ತಿತ್ತು. ಹೊಲಿಗೆ ಮಿಷನ್ನಿಗೆ ಎಣ್ಣೆ ಬೇಕು ಅನ್ನುವುದು ನಮಗೆಲ್ಲ ತಿಳಿಯುವ ವಾರದ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಹುಡುಗನಾಗಿದ್ದರೆ ಆಚಾರ್ರ ಶೆಡ್ಡಿಗೆ ಅವಳೇ ಹೋಗಬೇಕಾಗಿತ್ತು.

ರೆಸಾರ್ಟಿನವರು ಹೊಸ ಸೈಕಲ್ ತರಿಸಿದಾಗ ಹಳೆಯದರಲ್ಲಿ ಒಂದನ್ನು ನಾನೇ ಸರಿಮಾಡಿ ಅವಳಿಗೆ ಕೊಟ್ಟೆ. ಸೀರೆ ಸಿಕ್ಕಿಕೊಳ್ಳದ ಹಾಗೆ ಚೈನಿಗೆ ತಗಡು ಬಡಿದೆ. ಎರಡು ವರ್ಷ ಅವಳು ಅದರ ಮೇಲೆ ರಾಣಿಯ ಹಾಗೆ ಓಡಾಡಿದಳು.

ಒಂದು ದಿನ ಅದನ್ನು ತುಳಿದುಕೊಂಡು ತರೀಕೆರೆಗೆ ಬಂದಳು. "ಅಣ್ಣ, ಏರಲ್ಲಿ ಕೀ ಅಂತೈತೆ ಕಣಣ್ಣ. ಮಿಷನ್ನು ಎಣ್ಣೆ ಇಲ್ದೆ ಅಳೋ ಹಾಗೆ."

ಅಂಗೈ ಇಟ್ಟೆ. ನಡುಕ ಇಲ್ಲ. ಅವಳು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೊರಗಿನ ಚಿಕ್ಕ ಮುಚ್ಚಳ ಒಂದನ್ನೇ ತೆಗೆದು, ಸಿರಿಂಜಿನಲ್ಲಿ ಗ್ರೀಸ್ ಬಿಟ್ಟು ಮುಚ್ಚಿದೆ. ಮೂರು ವಾರಕ್ಕೆ ಮತ್ತೆ ಬಂದಳು. ಅಂಗಡಿಯಲ್ಲಿ ಇಬ್ಬರು ಮೂವರು ಗಿರಾಕಿಗಳಿದ್ದರು.

"ಇನ್ನೂ ಐತಣ್ಣ. ಈಗ ಸಣ್ಣಗೆ, ಒಳಗಡೆಯಿಂದ ಬತ್ತೈತೆ."

"ಬಿಚ್ಚಿ ನೋಡಿದೀನಿ ಕಣೇ. ಏನೂ ಇಲ್ಲ."

"ಪೂರ್ತಿ ಬಿಚ್ಚಿದ್ಯಾ?"

"ಪೂರ್ತಿ. ಸದ್ದು ಮೋಟಾರಲ್ಲಿಲ್ಲ, ನಿನ್ನ ತಲೇಲಿ ಐತೆ."

ಗಿರಾಕಿಗಳು ನಕ್ಕರು. ಅವಳೂ ನಕ್ಕಳು. ಹೆಡ್ಮಾಸ್ಟರ ಚಮಚದ ಕತೆಯನ್ನು ಆಗ ಮತ್ತೊಂದು ಸಲ ಹೇಳಿದೆ. ಇನ್ನಷ್ಟು ಗ್ರೀಸ್ ಬಿಟ್ಟೆ. ಬಿಚ್ಚಲು ಒಂದು ಗಂಟೆ ಸಾಕಾಗಿತ್ತು. ಆದರೆ ಬಿಚ್ಚಿ ಜೋಡಿಸಿದ ಮೇಲೆ, "ಈಗ ಹೋಯ್ತಾ ಅಣ್ಣ, ಕೇಳು" ಅಂತ ಅವಳು ನನ್ನ ಮುಂದೆ ನಿಲ್ಲುತ್ತಾಳೆ. ಆಗ ನಾನೇನು ಹೇಳಲಿ? ಇದು ಆಗ ನನಗೆ ಇಷ್ಟು ಸ್ಪಷ್ಟವಾಗಿ ತೋಚಿತ್ತು ಅಂತ ಹೇಳಲಾರೆ. ತೋಚದೇ ಇರಲೂ ಇಲ್ಲ.

ತಿಂಗಳೊಳಗೆ ಅವಳ ಗಂಡ ಷಡಾಕ್ಷರಿಯ ಫೋನು ಬಂತು. ಕೆರೆ ಏರಿಗೆ ಹತ್ತುವ ಕಡಿದಾದ ದಾರಿಯಲ್ಲಿ ಮೋಟಾರು ಇದ್ದಕ್ಕಿದ್ದಂತೆ ಕೈಬಿಟ್ಟಿತ್ತು. ಸೀರೆಯಲ್ಲಿ ಕಾಲು ಊರಲಾಗದೆ, ಹೊಲಿಗೆ ಬ್ಯಾಗಿನ ಸಮೇತ ಕಲ್ಲಿನ ಮೇಲೆ ಬಿದ್ದಿದ್ದಳು. ಎಡಗೈ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಗೆ ಹೋದೆ. ಕೈಗೆ ಬ್ಯಾಂಡೇಜು ಹಾಕುತ್ತಿದ್ದರು. ಷಡಾಕ್ಷರಿ ಸಿಟ್ಟಿನಲ್ಲಿದ್ದ. "ದಿನಾ ಪೈಪ್ ಹಿಡಿದು ಗಾಡಿ ತೊಳೀತಿದ್ಲು ಭಾವ. ಒಳಗೆ ನೀರು ಹೋಗಿರ್ಬೇಕು, ಅಲ್ವಾ?"

ವಿಶಾಲಿ ನನ್ನ ಮುಖ ನೋಡಿದಳು. ನನ್ನ ಬಾಯಿಂದ ಬಂದದ್ದು, "ಹೂಂ, ನೀರೇ ಇರ್ಬೇಕು" ಅಂತ.

ಮೋಟಾರನ್ನು ತಂದು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಬಿಚ್ಚಿದೆ. ಒಂದು ಹನಿ ನೀರಿಲ್ಲ, ಒಂದು ಚುಕ್ಕೆ ತುಕ್ಕಿಲ್ಲ. ನಾನು ಬಿಟ್ಟ ಗ್ರೀಸ್ ಒಳಗೆಲ್ಲ ಮೆತ್ತಿಕೊಂಡಿತ್ತು. ಒರೆಸಿದೆ. ಬೇರಿಂಗು ಸಡಿಲವಾಗಿ ಗೇರು ವಾರೆಯಾಗಿ ಉಜ್ಜಿಕೊಂಡು ತಿರುಗಿತ್ತು. ಕೀ ಅನ್ನುತ್ತಿದ್ದದ್ದು ಅದು. ಗೇರಿನಲ್ಲಿ ನಾಲ್ಕು ಹಲ್ಲು ಮುರಿದಿದ್ದವು. ಎರಡರ ಮುರಿದ ಜಾಗ ಬೆಳ್ಳಗೆ ಹೊಸದಾಗಿತ್ತು. ಇನ್ನೆರಡು ಕಪ್ಪಾಗಿದ್ದವು, ಅವು ಎಷ್ಟೋ ವಾರದ ಹಿಂದೆ ಮುರಿದವು. ಎರಡನೇ ಸಲ ಅವಳು ಅಂಗಡಿಗೆ ಬಂದಾಗಲೇ ಮುರಿದಿದ್ದಿರಬೇಕು. ಗ್ರೀಸ್ ನಡುಕವನ್ನು ನುಂಗಿತ್ತು, ನನ್ನ ಅಂಗೈಗೆ ಏನೂ ತಿಳಿದಿರಲಿಲ್ಲ.

ಗೇರನ್ನು ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ ಡಬ್ಬಿಯಲ್ಲಿಟ್ಟೆ. ಮನೆಯವರಿಗೆಲ್ಲ ನೀರು ಹೋಗಿ ತುಕ್ಕು ಹಿಡಿದಿತ್ತು ಅಂದೆ.

ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಈಗಲೂ ಬಟ್ಟೆ ಹಿಂಡಲು ಅವಳಿಗೆ ಆಗುವುದಿಲ್ಲ. ಆಮೇಲೆ ಅವಳು ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸಬೇಕು ಅಂದಳು. "ಇಲ್ಲದ ಸದ್ದು ಕೇಳ್ತಿತ್ತಲ್ಲ ಅಣ್ಣ, ಏನೋ ಕಾಯಿಲೆ ಇರ್ಬೇಕು" ಅಂತ. ಜೊತೆಗೆ ನಾನೇ ಹೋದೆ. ಅವಳನ್ನು ಗಾಜಿನ ಕೋಣೆಯೊಳಗೆ ಕೂರಿಸಿದರು. ಪರೀಕ್ಷೆ ಮಾಡುವ ಹುಡುಗಿ ಕೆಲಸ ಮುಗಿಸಿ ಆಚೆ ಬಂದವಳು, ತಾನು ಎರಡು ಸಲ ಕರೆದರೂ ನಾನು ತಿರುಗದಿದ್ದದ್ದನ್ನು ಕಂಡು, "ಅಜ್ಜ, ನಿಮಗೂ ಒಂದ್ಸಲ ನೋಡ್ಲಾ? ಐದೇ ನಿಮಿಷ" ಅಂದಳು.

"ನನಗೇನಾಗಿದೆ? ಚೆನ್ನಾಗಿದೀನಿ."

ವಿಶಾಲಿ ಹೊರಗೆ ಬಂದಳು. "ಕಿವಿ ಹದಿನೆಂಟರ ಹುಡುಗಿ ಕಿವಿ ಇದ್ದಂಗೈತಂತೆ. ಹಂಗಾದ್ರೆ ನೀನು ಹೇಳಿದ್ದೇ ಸರಿ ಅಣ್ಣ, ತಲೇಲೇ ಏನೋ ಐತೆ."

ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ಹೋದ ವರ್ಷ ಅಂಗಡಿ ಮುಚ್ಚಿದೆ. ಮಂಡಿ ನೋವು ಅಂತ ಎಲ್ಲರಿಗೂ ಹೇಳಿದೆ. ಕೆಲವು ತಿಂಗಳ ಹಿಂದೆ ಒಬ್ಬನೇ ಶಿವಮೊಗ್ಗಕ್ಕೆ ಹೋಗಿ ಅದೇ ಗಾಜಿನ ಕೋಣೆಯಲ್ಲಿ ಕೂತೆ. ಅದೇ ಹುಡುಗಿ ಕಾಗದ ತೋರಿಸಿದಳು. ಅದರ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಆಮೇಲೆ ಘಾಟಿ ಇಳಿದ ಹಾಗೆ ಇಳಿದುಬಿಟ್ಟಿತ್ತು. "ಇದು ನಿನ್ನೆ ಮೊನ್ನೆಯದಲ್ಲ ಅಜ್ಜ, ಬಹಳ ವರ್ಷದ್ದು" ಅಂದಳು. ಕಿವಿಗೆ ಮಿಷನ್ನು ಹಾಕಿಸಿಕೊಂಡೆ. ಮನೆಗೆ ಬರುವಾಗ ನನ್ನ ಚಪ್ಪಲಿಯ ಸದ್ದು ನನಗೇ ಹೊಸದಾಗಿತ್ತು.

ಹೋದ ತಿಂಗಳು ಅಜ್ಜಂಪುರಕ್ಕೆ ಹೋದೆ. ವಿಶಾಲಿ ಪಡಸಾಲೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಸಂಘದವರು ಹಳ್ಳಿಗಳಿಗೆ ಓಡಾಡಲು ಅವಳಿಗೊಂದು ಎಲೆಕ್ಟ್ರಿಕ್ ಸ್ಕೂಟರ್ ಕೊಡುತ್ತೇವೆ ಅಂದಿದ್ದರಂತೆ. ಬೇಡ ಅಂದಿದ್ದಾಳೆ. ಬಸ್ಸು ಇರುವ ಒಂದೇ ಹಳ್ಳಿಗೆ ಹೋಗುತ್ತಾಳೆ, ಇನ್ನೆರಡನ್ನು ಬಿಟ್ಟಿದ್ದಾಳೆ.

"ಯಾಕೆ ಬೇಡ ಅಂದೆ?"

"ನನ್ನ ಕೈಗೆ ಯಂತ್ರ ಆಗಿಬರಲ್ಲ ಬಿಡಣ್ಣ."

ಷಡಾಕ್ಷರಿ ಪೇಪರ್ ಓದುತ್ತಾ, "ಕೊಟ್ರೆ ಅದಕ್ಕೂ ದಿನಾ ಸ್ನಾನ ಮಾಡಿಸ್ತಾಳೆ ಭಾವ" ಅಂದ. ಅವಳು ನಕ್ಕು ಹೊಲಿಯತೊಡಗಿದಳು.

ಆಗ ನನಗೆ ಕೇಳಿತು. ಹೊಲಿಗೆ ಮಿಷನ್ನು ಕಿರ್ರ್ ಅಂತ ಅಳುತ್ತಿತ್ತು. ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ. ಅದರ ಮುಂದೆ ಕೂತು ವಿಶಾಲಿ ಏನೂ ಆಗದವಳ ಹಾಗೆ ತುಳಿಯುತ್ತಿದ್ದಳು.

"ಮಿಷನ್ನು ಸದ್ದು ಮಾಡ್ತೈತಲ್ಲೇ."

ಅವಳ ಕಾಲು ನಿಂತಿತು. "ನಿನಗೂ ಕೇಳ್ತೈತಾ? ನನ್ನ ತಲೇದು ಅಂದ್ಕೊಂಡಿದ್ದೆ."

ಎಣ್ಣೆ ಡಬ್ಬಿ ತಗೊಂಡು ಮಿಷನ್ನಿಗೆ ಎಣ್ಣೆ ಬಿಟ್ಟೆ, ತರೀಕೆರೆಗೆ ಬಂದೆ. ಮರುದಿನ ಬೆಳಗ್ಗೆ ಬಿಸ್ಕತ್ ಡಬ್ಬಿ ಹಿಡಿದುಕೊಂಡು ಮೊದಲ ಬಸ್ಸಿಗೇ ಹೋದೆ.

"ಏನಣ್ಣ ನಿನ್ನೆ ತಾನೆ ಬಂದಿದ್ದೆ, ಬಿಸ್ಕತ್ ಬೇರೆ ತಂದಿದೀಯ" ಅಂದಳು. ಡಬ್ಬಿ ತೆಗೆದು ಬಟ್ಟೆ ಬಿಚ್ಚಿ ಗೇರನ್ನು ಅವಳ ಅಂಗೈಯಲ್ಲಿಟ್ಟೆ. ನಿನ್ನ ಸೈಕಲ್ಲಿನದು ಅಂದೆ. ಅವಳು ಬಾಗಿಲ ಬೆಳಕಿಗೆ ಹಿಡಿದು ಹೆಬ್ಬೆರಳಿನ ಉಗುರಿನಿಂದ ಒಂದೊಂದು ಹಲ್ಲನ್ನೂ ಮುಟ್ಟುತ್ತಾ ಹೋದಳು, ಯಾರೂ ಕಲಿಸದೆ. ಕಪ್ಪಾದ ಎರಡರ ಹತ್ತಿರ ಉಗುರು ನಿಂತಿತು.

"ಇವು ಮೊದಲೇ ಹೋಗಿದ್ವು."

"ಹೂಂ."

"ತುಕ್ಕು ಎಲ್ಲೈತೆ?"

"ತುಕ್ಕು ಇರ್ಲಿಲ್ಲ."

ಅವಳು ಗೇರನ್ನು ಕೆಳಗಿಡಲಿಲ್ಲ. "ನಿನಗೆ ಆ ಸದ್ದು ಕೇಳ್ತಾನೇ ಇರ್ಲಿಲ್ವಾ ಅಣ್ಣ?" ಅಂದಳು.

"ಇಲ್ಲ. ಎಷ್ಟೋ ವರ್ಷದಿಂದ ಇಲ್ಲ."

"ಒಂದ್ ಮಾತು ಹೇಳಿದ್ರೆ ನಾನೇ ಅಂಗಡೀಲಿ ಕೂತು ಕೇಳಿ ಹೇಳ್ತಿದ್ನಲ್ಲ." ಆಮೇಲೆ ದನಿ ಗಟ್ಟಿಯಾಯಿತು. "ನನ್ನ ಮುಂದೆ ಹೇಳಿದ್ದು ಸಾಲ್ದು. ಇವರು ಇವತ್ತಿಗೂ ಬಂದೋರ ಮುಂದೆಲ್ಲ ಸ್ನಾನ ಸ್ನಾನ ಅಂತ ಆಡಿಕೊಳ್ತಾರೆ. ಅವರಿಗೂ ಹೇಳು."

ಷಡಾಕ್ಷರಿ ಹಿತ್ತಲಲ್ಲಿದ್ದ. ಕರೆದೆ. ಬಂದವನು ಗೇರನ್ನೂ ನಮ್ಮಿಬ್ಬರ ಮುಖವನ್ನೂ ನೋಡಿದ. ನಮ್ಮಲ್ಲಿ ಅಣ್ಣನಾದವನು ತಂಗಿಯ ಮುಂದೆ, ಅದೂ ಅವಳ ಗಂಡನ ಎದುರಿಗೆ, ಇಂಥ ಮಾತು ಆಡುವುದನ್ನು ನಾನು ಕಂಡಿಲ್ಲ. ಕೂತು ಹೇಳಬಹುದಾಗಿತ್ತು, ಎದ್ದು ನಿಂತೆ. ನನ್ನ ದನಿ ನನಗೇ ಪೂರ್ತಿಯಾಗಿ ಕೇಳಲಿ ಅಂತ ಕಿವಿಯ ಮಿಷನ್ನನ್ನು ಒತ್ತಿ ಸರಿಮಾಡಿಕೊಂಡೆ.

"ಷಡಾಕ್ಷರಿ, ನೀರು ಹೋಗಿರ್ಲಿಲ್ಲ. ಅವಳದೇನೂ ತಪ್ಪಿಲ್ಲ. ವಿಶಾಲಿ, ನಿನ್ನ ಕಿವಿ ಸರಿಯಾಗಿತ್ತು, ತಲೆಯೂ ಸರಿಯಾಗಿತ್ತು. ನಾನು ಮೋಟಾರು ಬಿಚ್ಚಲಿಲ್ಲ, ಬಿಚ್ಚಿದೆ ಅಂತ ಸುಳ್ಳು ಹೇಳಿದೆ. ಬಿದ್ದ ಮೇಲೂ ನಿನ್ನ ಮೇಲೇ ಹಾಕಿದೆ. ತಪ್ಪಾಯ್ತು ಕಣಮ್ಮ."